ಬೆಕ್ಕಿನ ಬಾಲದಡಿಯ ಅಕ್ಕಿಕಾಳು

ಕುರುಗೋಡಿನ ತಿಪ್ಪೇರುದ್ರಪ್ಪ ಮೊದಲು ಬಳೆ ಮಾರಿದ, ಬಳೆ ಒಡೆದವು. ಆಮೇಲೆ ಬೆಲ್ಲ ಮಾರಿದ, ಇರುವೆ ಹತ್ತಿದವು. ಅದೂ ಬೇಡವೆಂದು ಸೀಮೆಎಣ್ಣೆ ಇಟ್ಟ. ಡಬ್ಬಿಗೆ ತೂತು ಬಿದ್ದು ನೆಲ ಕುಡಿಯಿತು. ಇಂಥ ಮನುಷ್ಯನಿಗೆ ಊರಿನ ರೇಷನ್ ಡಿಪೋ ಸಿಕ್ಕಿತೆಂದರೆ ಅದಕ್ಕೆ ಕಾರಣ ಇಲ್ಲದಿಲ್ಲ. ಆಗ ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿತ್ತು, ಅಕ್ಕಿ ಮಾತ್ರ ಇನ್ನೂ ಬಂದಿರಲಿಲ್ಲ. ಕಾರ್ಡಿಗೆ ಇಷ್ಟು ಅಕ್ಕಿ, ಇಷ್ಟು ಪರದೇಶದ ಮೈಲೋ ಜೋಳ ಎಂದು ಸರ್ಕಾರ ಅಳೆದು ಕೊಡುತ್ತಿತ್ತು. ಊರಿನ ಜಾಣ ವ್ಯಾಪಾರಿಗಳ ಕೈಗೆ ಅಕ್ಕಿ ಕೊಟ್ಟರೆ ಏನಾಗುತ್ತದೆಂದು ಮೇಲಿನವರಿಗೆ ಗೊತ್ತಿತ್ತು. ತಿಪ್ಪೇರುದ್ರಪ್ಪನಿಗೆ ಕದಿಯುವಷ್ಟು ಜಾಣತನ ಇಲ್ಲವೆಂಬುದರಲ್ಲಿ ಊರೆಲ್ಲ ಒಂದೇ ಮಾತಾಗಿತ್ತು.

ಲೈಸೆನ್ಸು ಬಂದ ದಿನ ಅವನು ಅದಕ್ಕೆ ಗಾಜಿನ ಕಟ್ಟು ಹಾಕಿಸಿ, ದೇವರ ಪಟಗಳ ಸಾಲಿಗೆ ತೂಗುಹಾಕಿ, ಊದಿನಕಡ್ಡಿ ಬೆಳಗಿದ. ಹೆಂಡತಿ ಚನ್ನವೀರಮ್ಮ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು.

"ಬಳಿ ಹೋತು, ಬೆಲ್ಲ ಹೋತು, ಎಣ್ಣಿ ಹೋತು. ಇದೂ ಹೋತಂದ್ರ ನಾ ದೇಶನೂರಿಗೆ ಹೋಗಾಕಿ. ಕರಿಯಾಕ ಬರಬ್ಯಾಡ್ರಿ."

ಸಿರುಗುಪ್ಪದ ಕಡೆಯ ದೇಶನೂರು ಆಕೆಯ ತವರು. ಕಾಲುವೆ ನೀರು, ಭತ್ತದ ಗದ್ದೆ, ರೇಷನ್ ಕಾಲದಲ್ಲೂ ಎರಡು ಹೊತ್ತು ಅನ್ನ. ಆದ್ದರಿಂದ ಬೆದರಿಕೆಗೆ ತೂಕವಿತ್ತು.

ತಿಪ್ಪೇರುದ್ರಪ್ಪ ಡಿಪೋವನ್ನು ಮಠದ ಹಾಗೆ ನಡೆಸಿದ. ಅಳೆಯುವಾಗ ಒಂದು ಕಾಳು ಕೆಳಗೆ ಬಿದ್ದರೆ ಸಾಲನ್ನು ನಿಲ್ಲಿಸಿ, ಬಗ್ಗಿ ಹುಡುಕಿ, ಎತ್ತಿ, ಎರಡೂ ಕಣ್ಣಿಗೆ ಒತ್ತಿಕೊಂಡು ತಿರುಗಿ ಚೀಲಕ್ಕೆ ಹಾಕುತ್ತಿದ್ದ. ಸಾಲಿನವರು ಬಿಸಿಲಲ್ಲಿ ಕಾಯುತ್ತಿದ್ದರು.

"ಈ ಡಿಪೋದಾಗ ಒಂದು ಕಾಳು ಹೆಚ್ಚುಕಡಿಮಿ ಆತಂದ್ರ ನನ್ನ ಹೆಸರು ತಿಪ್ಪೇರುದ್ರಪ್ಪ ಅಲ್ಲ" ಎಂದು ಒಮ್ಮೆ ಅವನು ಸಾಲಿಗೆಲ್ಲ ಕೇಳುವಂತೆ ಹೇಳಿದ.

"ಮತ್ತೇನಂತ ಕರಿಯೂದ್ರಿ? ಈಗs ಹೇಳಿಬಿಡ್ರಿ, ರೂಢಿ ಆಗಲಿ" ಎಂದ ಪಾಲಯ್ಯ. ಪಾಲಯ್ಯ ಎರಡೆಕರೆ ಜೋಳದ ಹೊಲದವನು. ಹೊಲದಲ್ಲಿ ಕೆಲಸವಿಲ್ಲದ ದಿನ ಊರಿನ ಕೆಲಸವನ್ನೆಲ್ಲ ಮೈಮೇಲೆ ಹಾಕಿಕೊಳ್ಳುವವನು.

ಮಾತಿಗೆ ತಕ್ಕಂತೆ ಡಿಪೋ ನಡೆಯುತ್ತಿದ್ದಾಗ ಇಲಿ ಬಂದವು. ಚನ್ನವೀರಮ್ಮ ಆಗಷ್ಟೆ ತಮ್ಮನ ಹೆಂಡತಿಯ ಬಾಣಂತನಕ್ಕೆಂದು ದೇಶನೂರಿಗೆ ಹೋಗಿದ್ದಳು. ಕೇಳುವವರಿಲ್ಲದೆ ತಿಪ್ಪೇರುದ್ರಪ್ಪ ತಾನೇ ವಿಚಾರ ಮಾಡಿ, ಬಸ್ಸು ನಿಲ್ಲುವಲ್ಲಿ ಅಡ್ಡಾಡುತ್ತಿದ್ದ ಒಂದು ಬೂದಿಬಣ್ಣದ ಬೆಕ್ಕನ್ನು ಎತ್ತಿಕೊಂಡು ಬಂದ. ಬೆಕ್ಕು ಒಂದೇ ಬರಲಿಲ್ಲ. ಅದರ ಮೈತುಂಬ ಇದ್ದವರೂ ಬಂದರು.

ಮುಂದಿನ ರೇಷನ್ನಿನ ದಿನ ಸಾಲಿನಲ್ಲಿ ನಿಂತವರು ಒಬ್ಬರಾದ ಮೇಲೊಬ್ಬರು ಕಾಲು ಕೆರೆದುಕೊಳ್ಳತೊಡಗಿದರು. ಒಂದು ಕಾಲಿನಿಂದ ಇನ್ನೊಂದು ಕಾಲನ್ನು ಉಜ್ಜುತ್ತ ಸಾಲು ಮುಂದಕ್ಕೆ ಸರಿಯುವುದನ್ನು ನೋಡಿದರೆ ಕೋಲಾಟದ ಮೇಳ ಬಂದಂತಿತ್ತು. ಪಕ್ಕದ ಮನೆಯ ಹೊನ್ನೂರಮ್ಮ ಬೆಕ್ಕನ್ನು ಹಿಡಿದು ತೊಡೆಯ ಮೇಲೆ ಕೂರಿಸಿಕೊಂಡಳು. ಊರಿಗೆ ಬಂದ ಅಧಿಕಾರಿಗಳಿಗೆ ಅಡುಗೆ ಮಾಡಿ ಹಾಕುವ ವಿಧವೆ ಆಕೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಹೇನಿನ ಹಣಿಗೆಯಿಂದ ಬೆಕ್ಕಿನ ಬೆನ್ನು ಬಾಚಿದಾಗ ಕರಿ ಪುಡಿ ಉದುರಿತು. ಆ ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿದಳು. ಪುಡಿ ಕರಗಿ ಸುತ್ತ ಕೆಂಪಾಯಿತು.

"ನೋಡು ತಿಪ್ಪಣ್ಣ, ಇದು ಮಣ್ಣಲ್ಲ. ಕುಡದ ರಗತ. ಚಿಗಟ ಆಗ್ಯಾವು ನಿನ್ನ ಬೆಕ್ಕಿಗೆ. ಬೇವಿನ ಎಲಿ ಕುದಿಸಿದ ನೀರು ಆರಿಸಿ ಮೈ ತೊಳಿ. ಅದು ಮಲಗೂ ಗೋಣಿತಾಟು ಕುದಿಯೋ ನೀರಿಗೆ ಹಾಕು."

"ನೀರು ಹಾಕಿದ್ರ ಓಡಿ ಹೋಗತೈತಿ ಅಕ್ಕ. ಮತ್ತ ಇಲಿ ಹಿಡಿಯೋರು ಯಾರು?"

"ಹಂಗಾದ್ರ ಬೂದಿನಾದ್ರೂ ಬಡಿ."

ಬೂದಿ ಬಡಿಯುವುದು ಸುಲಭವೆನಿಸಿತು. ಆದರೆ ಹೆಂಡತಿ ಇಲ್ಲದ ಮನೆಯಲ್ಲಿ ಒಲೆ ಹೊತ್ತಿ ದಿನಗಳಾಗಿದ್ದವು. ಊಟ ಹೊನ್ನೂರಮ್ಮನ ಮನೆಯಿಂದ ಬರುತ್ತಿತ್ತು. ಒಲೆಯಲ್ಲಿ ಬೂದಿ ಇರಲಿಲ್ಲ. ದೇವರ ಮನೆಯಲ್ಲಿ ವಿಭೂತಿ ಇತ್ತು. ಅದೂ ಬೂದಿಯೇ ಅಲ್ಲವೇ ಎಂದು ತಿಪ್ಪೇರುದ್ರಪ್ಪ ಒಂದು ಗಟ್ಟಿ ತೇಯ್ದು ಬೆಕ್ಕಿಗೆ ಮೂಗಿನಿಂದ ಬಾಲದವರೆಗೆ ಬಳಿದ. ಮರುದಿನ ಬೆಳಿಗ್ಗೆ ಬೆಕ್ಕು ಡಿಪೋದ ಕಟ್ಟೆಯ ಮೇಲೆ ಬೆಳ್ಳಗೆ ಕಣ್ಣು ಮುಚ್ಚಿ ಕುಳಿತಿತ್ತು. ಪಾಲಯ್ಯ ಚಪ್ಪಲಿ ಬಿಟ್ಟು ಕೈ ಮುಗಿದ.

"ಶರಣ್ರೀ ಅಪ್ಪಾರ. ಯಾವ ಮಠದಿಂದ ದಯಮಾಡಿಸಿದ್ರಿ?"

ಸ್ವಾಮಿಗಳು ಮಧ್ಯಾಹ್ನದೊಳಗೆ ಮೈಯೆಲ್ಲ ನೆಕ್ಕಿ ಸ್ವಚ್ಛ ಮಾಡಿಕೊಂಡರು. ವಿಭೂತಿ ಹೊಟ್ಟೆಗೆ ಹೋಯಿತು. ವಿಭೂತಿಯ ಸಂಗಡ ಚಿಗಟವೂ ಹೋದವು. ಬೆಕ್ಕಿನ ಮೈಮೇಲೆ ಚಿಗಟ ಕಡಿಮೆಯಾದದ್ದನ್ನು ನೋಡಿ ತಿಪ್ಪೇರುದ್ರಪ್ಪ ಮದ್ದು ನಾಟಿತೆಂದು ತಿಳಿದ.

ಕೆಲವು ವಾರ ಕಳೆದವು. ಬಾಣಂತನ ಇನ್ನೂ ನಡೆದಿತ್ತು. ಒಂದು ದಿನ ಬೆಕ್ಕು ಮಲಗಿ ಎದ್ದ ಜಾಗದಲ್ಲಿ ತಿಪ್ಪೇರುದ್ರಪ್ಪನಿಗೆ ಒಂದು ಅಕ್ಕಿಕಾಳು ಸಿಕ್ಕಿತು. ಎತ್ತಿದ, ಕಣ್ಣಿಗೊತ್ತಿಕೊಂಡ, ಚೀಲಕ್ಕೆ ಹಾಕಿದ. ಮರುದಿನ ಎರಡು ಸಿಕ್ಕವು. ಬೆಕ್ಕು ಹತ್ತಿರ ಬಂದಾಗ ಬಾಲ ಎತ್ತಿ ನೋಡಿದರೆ ಅಲ್ಲಿಯೂ ಕೂದಲಿಗೆ ಒಂದು ಅಂಟಿತ್ತು. ಚೀಲದ ಮೇಲೆ ಮಲಗುವ ಬೆಕ್ಕು, ಅಂಟಿರಬಹುದು ಎಂದು ಅದನ್ನೂ ಬಿಡಿಸಿಕೊಂಡು, ಕಣ್ಣಿಗೊತ್ತಿಕೊಂಡು, ಇದ್ದಲ್ಲಿಗೆ ಸೇರಿಸಿದ. ಸರ್ಕಾರದ ಕಾಳು.

ಆದರೆ ಬೆಕ್ಕು ಒಂದೇ ಮನೆಯಲ್ಲಿ ಮಲಗುವ ಪ್ರಾಣಿಯಲ್ಲ. ಹೊನ್ನೂರಮ್ಮನ ಕೌದಿಯ ಮೇಲೆ ಅಕ್ಕಿಕಾಳು ಕಂಡಿತು. ಎದುರು ಮನೆಯ ಜಗುಲಿಯ ಮೇಲೆ ಕಂಡಿತು. ಹೊನ್ನೂರಮ್ಮ ಕಾಳನ್ನು ಎಲೆಯ ಮೇಲಿಟ್ಟುಕೊಂಡು ಡಿಪೋಕ್ಕೆ ಬಂದಳು.

"ತಿಪ್ಪಣ್ಣ, ಇದು ಎಲ್ಲಿದು?"

ತಿಪ್ಪೇರುದ್ರಪ್ಪ ಬೆಳಕಿಗೆ ಹಿಡಿದು ನೋಡಿದ. "ನಮ್ಮದs ಅಕ್ಕ. ಡಿಪೋದ್ದು. ಬೆಕ್ಕು ಹೊತಗೊಂಡು ಬಂದಿರಬೇಕು. ಪುಣ್ಯ ಬರಲಿ ನಿನಗ." ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿದ. ಅಷ್ಟಕ್ಕೆ ಬಿಡದೆ ಅಂದಿನಿಂದ ಬೆಳಿಗ್ಗೆ ಒಂದು ಬಟ್ಟಲು ಹಿಡಿದು ಓಣಿಯ ಮನೆಮನೆಗೂ ಹೋಗತೊಡಗಿದ. "ಡಿಪೋದ ಕಾಳು ಏನಾರ ಬಿದ್ದಾವೇನ್ರಿ?" ಎಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಹೆಂಗಸರು ಕಸಬರಿಗೆ ಬಿಟ್ಟು, ಹುಡುಕಿ ಹುಡುಕಿ ಬಟ್ಟಲಿಗೆ ಹಾಕುತ್ತಿದ್ದರು.

ಕೊಡುವಾಗ ಕೊಟ್ಟರು, ಆಮೇಲೆ ಮಾತಾಡಿದರು. ಪಾಲಯ್ಯ ಎಲ್ಲರ ಪರವಾಗಿ ಲೆಕ್ಕ ಬಿಡಿಸಿದ.

"ಚೀಲದ ಬಾಯಿ ಹೊಲಿದಿರತೈತಿ. ಹೊಲಿದ ಚೀಲದ ಮ್ಯಾಲ ಮಲಗಿದ ಬೆಕ್ಕಿಗೆ ಅಕ್ಕಿ ಹೆಂಗ ಹತ್ತತೈತಿ? ಬಿಚ್ಚಿದ ರಾಶಿ ಒಳಗ ಎಲ್ಲೋ ಐತಿ. ಬೆಕ್ಕು ಅದರ ಮ್ಯಾಲ ಮಲಗತೈತಿ. ಹೇಣ್ತೀನ ತವರಿಗೆ ಕಳಸಿದ್ದು ಯಾಕಂತೀರಿ? ಕ್ವಾಣಿ ಖಾಲಿ ಆಗಬೇಕಲ್ಲ."

"ಆತಗ ಅಷ್ಟು ಬುದ್ಧಿ ಐತೇನು?" ಎಂದಳು ಹೊನ್ನೂರಮ್ಮ.

"ಈಗ ಬಂದೈತಿ. ಡಿಪೋ ಕೊಟ್ರ ಯಾರಿಗಾದ್ರೂ ಬರತೈತಿ."

ರಾಶಿ ಎಲ್ಲಿದೆ ಎಂದು ಹಿಡಿಯಲು ಪಾಲಯ್ಯ ಒಂದು ದಿನ ಹೊಲಕ್ಕೆ ಹೋಗದೆ ಬೆಕ್ಕಿನ ಹಿಂದೆ ಹೋದ. ಬೆಕ್ಕು ಮಾಳಿಗೆ ಹತ್ತಿದರೆ ಮಾಳಿಗೆ ಹತ್ತಿದ, ಕಣಕಿಯ ಬಣವೆಯ ಕೆಳಗೆ ನುಸುಳಿದರೆ ಅಲ್ಲಿಯೇ ಕುಕ್ಕರಗಾಲಲ್ಲಿ ಕಾದ. ಅವನ ಹಿಂದೆ ಇನ್ನೂ ನಾಲ್ಕಾರು ಜನ ಸೇರಿದರು. ಊರಿನೊಳಗೆ ಬೆಕ್ಕು ಮುಂದೆ, ಹಿರಿಯರು ಹಿಂದೆ ಮೆರವಣಿಗೆ ಹೋಯಿತು. ಬೆಕ್ಕು ಕೊನೆಗೆ ಪಾಲಯ್ಯನ ಮನೆಗೇ ಹೋಗಿ, ನೆಲದೊಳಗೆ ಜೋಳ ತುಂಬಿಟ್ಟ ಅವನ ಹಗೇವಿನ ಬಾಯಿಯ ಮೇಲೆ ಮಲಗಿತು. ಎದ್ದಾಗ ಅಲ್ಲಿ ಒಂದು ಕಾಳು ಇತ್ತು.

ಹಿಂದೆ ಬಂದವರು ಹಗೇವನ್ನು ನೋಡಿದರು, ಪಾಲಯ್ಯನನ್ನು ನೋಡಿದರು.

"ಅಕ್ಕಿ ಯಾವಾಗ ತುಂಬಿದಿ ಪಾಲಣ್ಣ?" ಎಂದು ಒಬ್ಬ ಕೇಳಿದ.

ಪಾಲಯ್ಯ ಅದೇ ಸಂಜೆ ಬಳ್ಳಾರಿಯ ಬಸ್ಸು ಹತ್ತಿ, ಸಪ್ಲೈ ಇನ್ಸ್‌ಪೆಕ್ಟರರಿಗೆ ಎಲ್ಲವನ್ನೂ ಬಾಯಿಮಾತಿನಲ್ಲಿ ನಿವೇದಿಸಿ ಬಂದ.

ಇನ್ಸ್‌ಪೆಕ್ಟರ್ ಚಿದಾನಂದಪ್ಪನವರು ದಪ್ಪ ದೇಹದ, ನಿಧಾನ ಮಾತಿನ ಮನುಷ್ಯ. ಬಂದವರೇ ಚೀಲಗಳನ್ನೆಲ್ಲ ತೂಕ ಹಾಕಿಸಿದರು. ತೂಕ ಸರಿಯಾಗಿ ಬಂತು. ಮತ್ತೊಮ್ಮೆ ಹಾಕಿಸಿದರು. ಮತ್ತೂ ಸರಿಯಾಗಿ ಬಂತು. ಅವರ ಮುಖ ಗಂಭೀರವಾಯಿತು.

"ಏನಪಾ, ಎಲ್ಲಾ ಡಿಪೋದಾಗೂ ಇಲಿ ತಿಂದು ಸ್ವಲ್ಪ ಕಡಿಮಿ ಬರತೈತಿ. ನಿನ್ನಲ್ಲಿ ಯಾಕ ಬರಂಗಿಲ್ಲ? ನಿನ್ನ ಇಲಿ ಉಪಾಸ ಅದಾವೇನು?"

"ಬೆಕ್ಕು ಸಾಕೀನ್ರಿ."

"ಬೆಕ್ಕು ಇಲಿ ಹಿಡೀತೈತಿ. ಕಡಿಮಿ ಬಿದ್ದ ಅಕ್ಕಿ ತುಂಬಂಗಿಲ್ಲ. ಇದನ್ನ ಬ್ಯಾರೆ ಎಲ್ಲಿಂದನೋ ತುಂಬೀದಿ."

ಕಡಿಮೆಯಾಗಿದ್ದರೆ ಇಲಿಯ ಮೇಲೆ ಹಾಕಿ ಬದುಕಬಹುದಿತ್ತು. ಸರಿಯಾಗಿದ್ದದ್ದನ್ನು ಯಾರ ಮೇಲೆ ಹಾಕುವುದೆಂದು ತಿಳಿಯದೆ ತಿಪ್ಪೇರುದ್ರಪ್ಪ ಚೀಲಗಳನ್ನು ಮತ್ತೆ ಎಣಿಸಿದ. ಅಷ್ಟರಲ್ಲಿ ಊಟದ ಹೊತ್ತಾಯಿತು. ಹೊನ್ನೂರಮ್ಮ ಡಿಪೋದ ಅಕ್ಕಿಯ ಅನ್ನ, ಬದನೆಕಾಯಿ ಪಲ್ಯ, ಹುಳಿ ಮಾಡಿದ್ದಳು. ಬಳ್ಳಾರಿಯಲ್ಲಿ ಇಂಥ ಅಕ್ಕಿ ಸಿಗುವುದಿಲ್ಲವೆಂದು ಇನ್ಸ್‌ಪೆಕ್ಟರರು ಎರಡು ಸಲ ಅನ್ನ ಬಡಿಸಿಕೊಂಡರು. ಮೂರನೆಯ ಸಲ ಮಜ್ಜಿಗೆಗೆ.

ಊಟವಾದ ಮೇಲೆ ಪಂಚನಾಮೆ. ಪಾಲಯ್ಯ ಬೆಕ್ಕನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಇನ್ಸ್‌ಪೆಕ್ಟರರು ಪೆನ್ಸಿಲ್ಲಿನ ತುದಿಯಿಂದ ಬಾಲದಡಿಯ ಕಾಳನ್ನು ಬಿಡಿಸಿ ಬಿಳಿ ಕಾಗದದ ಮೇಲೆ ಬೀಳಿಸಿಕೊಂಡು, ಗುಮಾಸ್ತನಿಗೆ ಹೇಳಿ ಬರೆಸತೊಡಗಿದರು. "ಬೆಕ್ಕಿನ ಹಿಂಭಾಗದಲ್ಲಿ ದೊರೆತ ಸಣ್ಣ ಜಾತಿಯ ಬಿಳಿ ಅಕ್ಕಿಕಾಳು, ಒಂದು."

ಕಾಳು ಕಾಗದದ ನಡುವಿನಿಂದ ಅಂಚಿನ ಕಡೆಗೆ ಬಂದಿತ್ತು. ಇನ್ಸ್‌ಪೆಕ್ಟರರು ಪೆನ್ಸಿಲ್ಲಿನಿಂದ ನಡುವಿಗೆ ನೂಕಿದರು.

"ಪಂಚರ ಸಮಕ್ಷಮದಲ್ಲಿ ವಶಪಡಿಸಿಕೊಂಡು..."

ಕಾಳು ಮತ್ತೆ ಹೊರಟಿತ್ತು. ಮೊದಲು ಉದ್ದವಾಯಿತು, ಆಮೇಲೆ ಗಿಡ್ಡಾಯಿತು, ಮತ್ತೆ ಉದ್ದವಾಯಿತು.

"ಗಾಳಿ. ಬಾಗಿಲು ಹಾಕ್ರಿ" ಎಂದರು ಇನ್ಸ್‌ಪೆಕ್ಟರರು.

ಬಾಗಿಲು ಹಾಕಿದರು. ಕಿಟಕಿಯನ್ನೂ ಹಾಕಿದರು. ಸೆಕೆಯಲ್ಲಿ ಎಲ್ಲರೂ ತಲೆ ಬಗ್ಗಿಸಿ ನೋಡುತ್ತಿದ್ದಂತೆ ವಶಪಡಿಸಿಕೊಂಡ ಮಾಲು ಕಾಗದದ ಅಂಚು ದಾಟಿ ಮೇಜಿನ ಮೇಲೆ ಇಳಿಯಿತು.

ಆಗ ಹಾಕಿದ ಬಾಗಿಲನ್ನು ನೂಕಿಕೊಂಡು, ತಲೆಯ ಮೇಲೆ ಟ್ರಂಕು ಹೊತ್ತು ಚನ್ನವೀರಮ್ಮ ಒಳಗೆ ಬಂದಳು. ಬಾಣಂತನ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಇಳಿದಿದ್ದಳು. ಟ್ರಂಕು ಇಳಿಸಿ, ಜನರ ಹೆಗಲ ಮೇಲಿಂದ ಮೇಜನ್ನು ನೋಡಿದಳು.

"ಯಾಕ, ಏನು ಎಲ್ಲಾರೂ ಹಿಂಗ ನೋಡಾಕತ್ತೀರಿ? ಲಾಡಿಹುಳದ ತುಂಡು ಅದು. ನಮ್ಮ ತವರಮನಿ ಬೆಕ್ಕಿಗೂ ಆಗಿತ್ತು. ಒಣಗಿದ್ರ ಎಳ್ಳಿನಂಗ ಆಗತೈತಿ."

ಊರಿನಲ್ಲಿ ಆ ಮಾತನ್ನು ಆಡಲು ಅನುಕೂಲವಿದ್ದವಳು ಆಕೆ ಒಬ್ಬಳೇ. ಅಷ್ಟು ದಿನವೂ ಆಕೆ ಉಂಡದ್ದು ದೇಶನೂರಿನ ಅಕ್ಕಿ.

"ಹುಳಾನs?" ಎಂದ ತಿಪ್ಪೇರುದ್ರಪ್ಪ. ಅವನ ಮುಖದಲ್ಲಿ ಮೊದಲು ಸಂತೋಷ ಬಂತು, ಕಳ್ಳತನ ತಪ್ಪಿತಲ್ಲ ಎಂದು. ಆಮೇಲೆ ಸಂತೋಷ ನಿಂತಲ್ಲೇ ನಿಂತಿತು. "ಹಂಗಾದ್ರ ನಾ ದಿನಾ ಚೀಲಕ್ಕ ಹಾಕಿದ್ದು..."

ಬಟ್ಟಲಿಗೆ ಹಾಕಿದವರೆಲ್ಲ ಅಲ್ಲಿಯೇ ನಿಂತಿದ್ದರು. ಆ ಚೀಲದಿಂದ ಉಂಡವರೂ ಅವರೇ. ಇನ್ಸ್‌ಪೆಕ್ಟರರು ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು, ಹಾಗೆಯೇ ತೆಗೆದರು.

ಮೊದಲು ಬಾಯಿ ಬಿಟ್ಟವಳು ಹೊನ್ನೂರಮ್ಮ. "ಏ, ಅಕ್ಕಿ ಅದು. ನಾ ಅಡಗಿ ಮಾಡಾಕಿ, ನನಗ ಗೊತ್ತಾಗಂಗಿಲ್ಲೇನು?"

"ಅಕ್ಕೀನs" ಎಂದ ಪಾಲಯ್ಯ ಬೆಕ್ಕನ್ನು ಮೆಲ್ಲಗೆ ಕೆಳಗೆ ಬಿಡುತ್ತ. "ಸಣ್ಣಕ್ಕಿ ಜಾತೀನs ಹಂಗ. ಸೆಕಿಗೆ ಹರದಾಡತೈತಿ. ನಮ್ಮಪ್ಪ ಹೇಳತಿದ್ದ."

"ಅಲ್ಲಲೇ ಪಾಲಯ್ಯ" ಎಂದ ತಿಪ್ಪೇರುದ್ರಪ್ಪ, "ಅಕ್ಕಿ ಅಂದ್ರ ನಾ ಕಳ್ಳ ಆದಂಗ ಆತಲ್ಲೋ. ಹುಳಾನs ಅನ್ನೋ."

"ಹುಳ ಅಂದ್ರ ಊರಿಗೆ ಹುಳ ಉಣಿಸಿದಂಗ ಆತಲ್ರಿ ಸಾವ್ಕಾರ್ರ. ಯಾವುದು ಪಾಡು, ನೀವs ನೋಡ್ರಿ."

ತಿಪ್ಪೇರುದ್ರಪ್ಪ ನೋಡಿದ. ಎರಡೂ ಕಡೆ ಲೈಸೆನ್ಸು ಹೋಗುವುದೇ ಕಾಣಿಸಿತು. ಇನ್ಸ್‌ಪೆಕ್ಟರರು ಎದ್ದು ನಿಂತರು. ವಿಷಯ ಸೂಕ್ಷ್ಮವಾದದ್ದು, ಬಳ್ಳಾರಿಯಲ್ಲಿ ಕುಳಿತು ವಿಚಾರ ಮಾಡಬೇಕಾದದ್ದು, ಅಲ್ಲಿಯ ತನಕ ಡಿಪೋ ಬಂದ್ ಎಂದು ಹೇಳಿ, ಗೋಡೆಯ ಮೇಲಿನ ಲೈಸೆನ್ಸನ್ನು ಗಾಜಿನ ಕಟ್ಟಿನ ಸಮೇತ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದರು.

ಚನ್ನವೀರಮ್ಮ ತಂದ ಟ್ರಂಕನ್ನು ಬಿಚ್ಚದೆ ಬಾಗಿಲ ಪಕ್ಕದಲ್ಲೇ ಇಟ್ಟಳು. ಚೀಲದ ಅಕ್ಕಿಯನ್ನೆಲ್ಲ ಬಿಸಿಲಿಗೆ ಸುರಿದು ಗಂಡನ ಕೈಗೆ ಮೊರ ಕೊಟ್ಟಳು. ಅವನು ಕೇರಿದ, ಎಳ್ಳಿನಂಥವು ಹಾರಿಹೋದವು. ಬೇವಿನ ನೀರು ಕಾಯಿಸಿ, ಆರಿಸಿ, ಬೆಕ್ಕಿನ ಕುತ್ತಿಗೆಯ ಕಡೆಯಿಂದ ಹಿಂದಕ್ಕೆ ತೊಳೆದಳು. ಗೋಣಿತಾಟು, ಕೌದಿಗಳನ್ನು ಕುದಿಸಿದಳು. ಅವಳ ಕೈಯಲ್ಲಿ ಬೆಕ್ಕು ಓಡಿಹೋಗಲಿಲ್ಲ. ಓಡಿಹೋಗಬಾರದೆಂದು ಅದಕ್ಕೂ ಗೊತ್ತಾಗಿತ್ತು.

"ಬಳ್ಳಾರಿಗೆ ಹೋಗ್ರಿ. ದನದ ದವಾಖಾನ್ಯಾಗ ಬೆಕ್ಕು ತೋರಿಸಿ ಮದ್ದು ತರ್ರಿ. ಹಂಗs ಲೈಸೆನ್ಸು ತರ್ರಿ. ಲೈಸೆನ್ಸು ಬಂದ್ರ ಟ್ರಂಕು ಬಿಚ್ಚತೀನಿ."

ತಿಪ್ಪೇರುದ್ರಪ್ಪ ಬೆಕ್ಕನ್ನು ಕೈಚೀಲಕ್ಕೆ ಹಾಕಿ, ತಲೆ ಮಾತ್ರ ಹೊರಗೆ ಬಿಟ್ಟು ಬಸ್ಸಿನಲ್ಲಿ ಕುಳಿತ. ದನದ ದವಾಖಾನೆಯಲ್ಲಿ ಎತ್ತುಗಳ ಸಾಲಿನಲ್ಲಿ ನಿಂತ. ಡಾಕ್ಟರು ಬೆಕ್ಕನ್ನು ಮುಂದೆ ಹಿಂದೆ ತಿರುಗಿಸಿ ನೋಡಿದರು.

"ಲಾಡಿಹುಳ. ಚಿಗಟದ ಹೊಟ್ಟೆಯಲ್ಲಿ ಇದರ ಮರಿ ಇರುತ್ತದೆ. ಬೆಕ್ಕು ಮೈ ನೆಕ್ಕುವಾಗ ಚಿಗಟ ನುಂಗಿದರೆ ಹುಳ ಒಳಗೆ ಬೆಳೆಯುತ್ತದೆ. ಚಿಗಟ ಇರುವ ತನಕ ಎಷ್ಟು ಮದ್ದು ಹಾಕಿದರೂ ಮತ್ತೆ ಬರುತ್ತದೆ."

"ಮನುಷ್ಯಾರಿಗೆ ಏನರ ಆಗತೈತೇನ್ರಿ? ಯಾರರ ಆ ತುಂಡು... ಅನ್ನದಾಗ..."

"ಬೇಯಿಸಿ ಉಂಡರೆ ಏನೂ ಆಗುವುದಿಲ್ಲ. ಯಾಕೆ, ಯಾರು ಉಂಡರು?"

"ಯಾರೂ ಇಲ್ರಿ. ಸುಮ್ನ ಕೇಳಿದೆ."

ದವಾಖಾನೆಯಲ್ಲಿ ಎತ್ತಿನ ಮದ್ದು ಇತ್ತು, ಬೆಕ್ಕಿನದು ಇರಲಿಲ್ಲ. ಹೊಟ್ಟೆಯ ಹುಳ ಬೀಳಿಸುವ ವಾಯುವಿಳಂಗದ ಪುಡಿ ಒಂದು ಚಿಟಿಕೆ ತುಪ್ಪದಲ್ಲಿ ಕಲಸಿ ನೆಕ್ಕಿಸಿ ನೋಡು, ಬೆಕ್ಕಿನ ತೂಕ ಹೇಳಿದರೆ ಬೇರು-ಚೂರ್ಣದ ಅಂಗಡಿಯವರೇ ಅಳತೆ ಕಟ್ಟಿಕೊಡುತ್ತಾರೆ ಎಂದು ಡಾಕ್ಟರು ಕಳಿಸಿದರು.

ಅಂಗಡಿಯ ಓಣಿಗೆ ತಿರುಗಿದರೆ ಎದುರಿಗೆ ಪಾಲಯ್ಯ ಬರುತ್ತಿದ್ದ. ಕೈಯಲ್ಲಿದ್ದ ಪೊಟ್ಟಣವನ್ನು ರುಮಾಲಿನೊಳಗೆ ಸೇರಿಸಿ, "ಕರುವಿಗೆ" ಎಂದು ಕೇಳದೆಯೇ ಹೇಳಿ ಮುಂದೆ ಹೋದ. ಅಂಗಡಿಯ ಮೆಟ್ಟಿಲಿಳಿಯುತ್ತಿದ್ದ ಹೊನ್ನೂರಮ್ಮ, "ನಮ್ಮ ಮೇಕಿಗೆ ತಿಪ್ಪಣ್ಣ" ಎಂದಳು. ಆಕೆಗೆ ಮೇಕೆ ಇರಲಿಲ್ಲ.

"ವಾಯುವಿಳಂಗ ಐತೇನ್ರಿ?" ಎಂದು ತಿಪ್ಪೇರುದ್ರಪ್ಪ ಕೇಳಿದ.

ಅಂಗಡಿಯವ ಡಬ್ಬಿ ಬೋರಲು ಹಾಕಿ ತಟ್ಟಿದ. "ಇದs ಕಡೀದು ನೋಡ್ರಿ. ಕುರುಗೋಡಿನ ಕಡಿ ದನಕರಕ್ಕ ಏನು ಬ್ಯಾನಿ ಬಂದೈತಿ? ಮುಂಜಾನಿಂದ ಇದನ್ನs ಕೇಳಾಕ ಬರಾಕತ್ತಾರ."

ಪೊಟ್ಟಣ ತಿಪ್ಪೇರುದ್ರಪ್ಪನ ಕೈಗೆ ಬಂತು. ಆಗ ಹಿಂದಿನಿಂದ ಒಂದು ದಪ್ಪ ದನಿ, "ವಾಯುವಿಳಂಗ ಕೊಡ್ರಿ" ಎಂದಿತು. ತಿರುಗಿ ನೋಡಿದರೆ ಇನ್ಸ್‌ಪೆಕ್ಟರ್ ಚಿದಾನಂದಪ್ಪನವರು. ಸೈಕಲ್ಲಿನ ಹಿಂದೆ ಕಚೇರಿಯ ಚೀಲ, ಚೀಲದಿಂದ ಗಾಜಿನ ಕಟ್ಟಿನ ಒಂದು ಮೂಲೆ ಹೊರಗೆ ಚಾಚಿತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಚೀಲದೊಳಗಿಂದ ಬೆಕ್ಕೂ ನೋಡಿತು.

"ಕಡೀದು ಇವರಿಗೆ ಕೊಟ್ಟೆ ಸಾಹೇಬ್ರ" ಎಂದ ಅಂಗಡಿಯವ.

ತಿಪ್ಪೇರುದ್ರಪ್ಪ ಪೊಟ್ಟಣ ಬಿಚ್ಚಿದ. ಅಳತೆಯ ವಿಷಯದಲ್ಲಿ ಅವನ ಕೈ ತಪ್ಪುವುದಿಲ್ಲ. ಒಂದು ಚಿಟಿಕೆಯನ್ನು ತನ್ನ ಕಡೆಗೆ ಇಟ್ಟುಕೊಂಡು, ಉಳಿದದ್ದನ್ನೆಲ್ಲ ಕಾಗದದಲ್ಲಿ ಕಟ್ಟಿ ಎರಡೂ ಕೈಯಿಂದ ಇನ್ಸ್‌ಪೆಕ್ಟರರ ಮುಂದೆ ಹಿಡಿದ. ಇನ್ಸ್‌ಪೆಕ್ಟರರು ಪೊಟ್ಟಣ ತೆಗೆದುಕೊಂಡು ಜೇಬಿಗೆ ಹಾಕಿದರು. ಆಮೇಲೆ ಸೈಕಲ್ಲಿನ ಹತ್ತಿರ ಹೋಗಿ ಗಾಜಿನ ಕಟ್ಟನ್ನು ಎಳೆದು ತಂದು, ಅಂಗಿಯ ತೋಳಿನಿಂದ ಒಮ್ಮೆ ಒರೆಸಿ ಕೊಟ್ಟರು.

"ವಿಚಾರ ಮುಗೀತು. ಅದು ಅಕ್ಕೀನೂ ಅಲ್ಲ, ಹುಳಾನೂ ಅಲ್ಲ."

"ಮತ್ತೇನಂತ್ರಿ ಅದು?"

"ಧೂಳು. ನಾಳಿಂದ ಡಿಪೋ ತಗಿ. ಕಸ ಚೊಲೋತಂಗ ಹೊಡಿ."

ತಿಪ್ಪೇರುದ್ರಪ್ಪ ಲೈಸೆನ್ಸನ್ನು ಎದೆಗೆ ಅವಚಿಕೊಂಡು, ಬೆಕ್ಕಿನ ಚೀಲವನ್ನು ಹೆಗಲಿಗೇರಿಸಿ ಬಸ್ಸಿನ ಕಡೆಗೆ ಹೊರಟ. ಅಂಗಡಿಯವ ಪದ್ಧತಿಯ ಪ್ರಕಾರ ಇನ್ಸ್‌ಪೆಕ್ಟರರನ್ನು ಕೇಳುತ್ತಿದ್ದುದು ಅವನ ಕಿವಿಗೆ ಬಿತ್ತು.

"ತಮಗ ಯಾವುದಕ್ಕ ಬೇಕಾಗಿತ್ರಿ ಸಾಹೇಬ್ರ? ಅಳತಿ ಹೇಳತೀನಿ."

"ಬೆಕ್ಕಿಗೆ."

"ಎಷ್ಟು ತೂಕ ಐತ್ರಿ ಬೆಕ್ಕು?"

ಇನ್ಸ್‌ಪೆಕ್ಟರರು ಬಗ್ಗಿ ತಮ್ಮ ಹೊಟ್ಟೆಯನ್ನು ಒಮ್ಮೆ ನೋಡಿಕೊಂಡರು.

"ಒಂದು ಚೀಲ ಅಕ್ಕಿಯಷ್ಟು ಇರಬಹುದು" ಎಂದರು.